ಉಗ್ರಾಣದಿಂದ ನಿವೃತ್ತರಾದ ಇಬ್ಬರು

ಹೊಸ ಮನೆಯನ್ನು ಕಟ್ಟಿದವನನ್ನು ಲೋಕವು ಕೊಂಡಾಡುತ್ತದೆ. ಹಳೆಯ ಗೋಡೆಯನ್ನು, ನೆರೆಯವರ ಸೂರಿಗೆ ಧಕ್ಕೆಯಾಗದಂತೆ, ಜೋಪಾನವಾಗಿ ಇಳಿಸಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಅಗಣಿತ ಗಣಕಯಂತ್ರಗಳಲ್ಲಿ ಹಗಲಿರುಳು ದುಡಿಯುವ ಲಿನಕ್ಸ್ ಕರ್ನಲ್‌ನಲ್ಲಿ ನಡೆದ ಇಂತಹದೊಂದು ಇಳಿಸುವ ಕಾರ್ಯದ ವೃತ್ತಾಂತ ಸ್ವಾರಸ್ಯಕರವಾಗಿದೆ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು; ಮೆಮೊರಿಯೇ ಅದರ ಉಗ್ರಾಣ. ಅಲ್ಲಿನ ದಾಸ್ತಾನು ಸಾಮಾನ್ಯವಾಗಿ 4096 ಬೈಟುಗಳ ಮೂಟೆಗಳಲ್ಲಿರುತ್ತದೆ. ಬೇಡಿಕೆಯಾದರೋ ಒಮ್ಮೆ 64 ಬೈಟು, ಒಮ್ಮೆ 200 ಬೈಟು. ಪಾವು ಅಕ್ಕಿ ಕೇಳಿದವನಿಗೆ ಪಲ್ಲವನ್ನೇ ಅಳೆಯಲಾದೀತೆ? ಮೂಟೆಯನ್ನು ಬಿಚ್ಚಿ ಹಂಚಲು, ಮರಳಿ ಬಂದುದನ್ನು ಜೋಡಿಸಿಡಲು ಒಬ್ಬ ಉಗ್ರಾಣಿ ಅವಶ್ಯ.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜೆಫ್ ಬಾನ್ವಿಕ್ 1994ರಲ್ಲಿ ವಿವರಿಸಿದ ಪದ್ಧತಿಯನ್ನು ಅನುಸರಿಸಿ ಲಿನಕ್ಸಿಗೆ ಬಂದ ಉಗ್ರಾಣಿಯೇ ‘ಸ್ಲ್ಯಾಬ್’. ಕಿರಿಯ ಯಂತ್ರಗಳಿಗೆಂದು 2006ರಲ್ಲಿ ಮ್ಯಾಟ್ ಮೆಕಾಲ್ ರಚಿಸಿದ ‘ಸ್ಲೊಬ್’ ಬಂದಿತು. ಸಾವಿರ ಪ್ರೊಸೆಸರುಗಳ ಮಹಾಯಂತ್ರದಲ್ಲಿ ಸ್ಲ್ಯಾಬ್‌ನ ಸರದಿಪಟ್ಟಿಗಳೇ ಹಲವು ಗಿಗಾಬೈಟುಗಳನ್ನು ನುಂಗುವುದನ್ನು ಕಂಡ ಕ್ರಿಸ್ಟೋಫ್ ಲಾಮೀಟರ್, 2007ರಲ್ಲಿ ‘ಸ್ಲಬ್’ ಎಂಬ ಮೂರನೆಯವನನ್ನು ತಂದರು.

ಹೊಸಬನು ಬಂದನು, ಹಳಬರು ಹೋಗಲಿಲ್ಲ. ಕೆಲವು ಕಾರ್ಯಗಳಲ್ಲಿ ಸ್ಲ್ಯಾಬ್ ಚುರುಕೆಂದು ಕೆಲವರು ಅದನ್ನು ಬಿಡಲೊಲ್ಲದಾದರು. ಪರಿಣಾಮವಾಗಿ ಪ್ರತಿಯೊಂದು ಸುಧಾರಣೆಯನ್ನೂ ಮೂವರಿಗೂ ಹೊಂದಿಸಿ ನೋಡುವ ಹೊರೆ ಪೋಷಕರ ಹೆಗಲೇರಿತು. ಸ್ಲೊಬ್‌ನ ಇತಿಮಿತಿಗಾಗಿ, ಅದನ್ನು ಎಂದೂ ಬಳಸದವರು ಸಹ, ಪಡೆದ ಮೆಮೊರಿಯನ್ನು ಹಿಂದಿರುಗಿಸುವಾಗ ಕಟ್ಟುನಿಟ್ಟಿಗೆ ಒಳಗಾಗಬೇಕಾಯಿತು.

ಹಾಗೆಂದು ಒಮ್ಮೆಗೇ ಅಳಿಸಿಬಿಡುವಂತಿಲ್ಲ. ಯಾವುದೋ ಮೂಲೆಯ ಪುಟ್ಟ ಯಂತ್ರವೊಂದು ಅದೇ ಉಗ್ರಾಣಿಯನ್ನು ನಂಬಿರಬಹುದು. ಆದುದರಿಂದ ಪೋಷಕರಾದ ವ್ಲಾಸ್ಟಿಮಿಲ್ ಬಾಬ್ಕಾ ಮತ್ತು ಅವರ ಸಂಗಡಿಗರು ಸೌಜನ್ಯದ ದಾರಿ ಹಿಡಿದರು. ಮೊದಲು ಕಿರಿಯ ಯಂತ್ರಗಳಿಗಾಗಿ ಸ್ಲಬ್‌ನಲ್ಲಿಯೇ ಮಿತವ್ಯಯದ ಏರ್ಪಾಡು ಮಾಡಿದರು. ಅನಂತರ ಹಳೆಯದರ ಹೆಸರಿಗೇ ‘ತ್ಯಾಜ್ಯ’ವೆಂಬ ಚೀಟಿ ಅಂಟಿಸಿ, ಬಿಡಲಾರದವರು ಕಾರಣಸಹಿತ ತಿಳಿಸಬೇಕೆಂದು ಸಾರಿದರು. 2023ರ ಜೂನ್‌ನಲ್ಲಿ ಹೊರಬಿದ್ದ 6.4ನೆಯ ಆವೃತ್ತಿಯಲ್ಲಿ ಸ್ಲೊಬ್ ಇರಲಿಲ್ಲ. ಆ ಆಗಸ್ಟಿನ 6.5ರಲ್ಲಿ ಸ್ಲ್ಯಾಬ್‌ಗೂ ಚೀಟಿ ಬಿದ್ದಿತು. 2024ರ ಮಾರ್ಚ್‌ನ 6.8ರಲ್ಲಿ ಅದರ ಸಾವಿರಾರು ಸಾಲುಗಳು ಅಳಿದುವು.

ಆದರೆ ಸ್ಲ್ಯಾಬ್ ಪೂರ್ತಿಯಾಗಿ ಅಳಿಯಿತೆ? ಪ್ರತಿ ಪ್ರೊಸೆಸರಿನ ಕೈಯಳತೆಯಲ್ಲಿಯೇ ಒಂದಿಷ್ಟು ವಸ್ತುಗಳನ್ನು ಸಿದ್ಧವಾಗಿಡುವುದು ಅದರ ಹಳೆಯ ಗುಣ. 2025ರ 6.18ನೆಯ ಆವೃತ್ತಿಯಲ್ಲಿ ಸ್ಲಬ್‌ಗೆ ಅಂತಹುದೇ ಏರ್ಪಾಡೊಂದು ಸೇರಿತು. ಅದನ್ನು ತಂದವರೂ ಬಾಬ್ಕಾ ಅವರೇ. ಅದರ ಹೆಸರು ‘ಶೀವ್ಸ್’. ನಮ್ಮ ರೈತರ ಮಾತಿನಲ್ಲಿ ಸಿವುಡುಗಳು. ಹಳೆಯ ಪೈರನ್ನು ಕೊಯ್ದವರು ಬಿತ್ತನೆಯ ಕಾಳನ್ನು ಎತ್ತಿಟ್ಟುಕೊಂಡಿದ್ದರು.