ಗಣಿತ ಓದಿದವರ ಮುಂದಿನ ದಾರಿ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ವಾರ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಗಣಿತದಲ್ಲಿ ಒಳ್ಳೆಯ ಅಂಕ ಬಂದಿದ್ದರೆ ಎಂಜಿನಿಯರಿಂಗ್ ಎಂದು ಹಿರಿಯರು ನಿಶ್ಚಯಿಸಿಬಿಡುವರು. "ನಾನು ಗಣಿತವನ್ನೇ ಓದುತ್ತೇನೆ" ಎಂದು ಮಗಳೋ ಮಗನೋ ಅಂದರೆ, "ಓದಿ ಮೇಷ್ಟರಾಗುತ್ತೀಯಾ?" ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಊರು ಬಿಟ್ಟು ಬಂದು ಸಂಸಾರ ಹೂಡಿದ ನಮಗೆ ಮಕ್ಕಳ ಅನ್ನದ ಚಿಂತೆ ಸಹಜವೇ. ಮೇಷ್ಟರ ಕೆಲಸವೇನೂ ಕೀಳಲ್ಲ. ಆದರೆ ದಾರಿ ಅದೊಂದೇ ಅಲ್ಲ.

ಮೊದಲು ಒಂದು ಎಚ್ಚರಿಕೆ. ಶಾಲೆಯ ಗಣಿತ ಬೇರೆ, ಕಾಲೇಜಿನ ಗಣಿತ ಬೇರೆ. ಶಾಲೆಯಲ್ಲಿ ಸೂತ್ರ ಹಾಕಿ ಉತ್ತರ ತೆಗೆದರೆ ಸಾಕು. ಕಾಲೇಜಿನಲ್ಲಿ ಆ ಸೂತ್ರ ಏಕೆ ನಿಜವೆಂದು ಸಾಧಿಸಬೇಕು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ತೋರಿಸಿದ ಬಗೆಯನ್ನೇ ನೋಡಿ. ಅವು ಇಷ್ಟೇ ಎಂದುಕೊಂಡು ಎಲ್ಲವನ್ನೂ ಗುಣಿಸಿ, ಒಂದನ್ನು ಕೂಡಿಸಿ. ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಶೇಷ ಉಳಿಯುತ್ತದೆ. ಆದುದರಿಂದ ನಮ್ಮ ಪಟ್ಟಿಯಲ್ಲಿಲ್ಲದ ಅವಿಭಾಜ್ಯವೊಂದು ಇರಲೇಬೇಕು! ಈ ವಾದವನ್ನು ಕೇಳಿ ಮುಖ ಅರಳುವ ಮಕ್ಕಳನ್ನು ಧೈರ್ಯವಾಗಿ ಗಣಿತಕ್ಕೆ ಕಳುಹಿಸಬಹುದು. ಬರಿಯ ಅಂಕವನ್ನು ನಂಬಿ ಕಳುಹಿಸಿದರೆ ಕಾಲೇಜಿನ ವರ್ಷಗಳು ಭಾರವಾದಾವು.

ಇನ್ನು ದಾರಿಯ ಮಾತು. ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, ಮನೆಮಾತು ತೆಲುಗು. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮುಗಿಸಿದಾಗ ಯುದ್ಧಕಾಲ. ಕೆಲಸದ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋದರು, ಕೆಲಸ ದೊರೆಯಲಿಲ್ಲ. ಆದರೆ ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ಅಲ್ಲಿ ತಿಳಿಯಿತು. 1941ರಲ್ಲಿ ಅದನ್ನು ಸೇರಿದರು. ಕೆಲವನ್ನು ನೋಡಿ ಎಲ್ಲದರ ಬಗ್ಗೆ ಮಾಡುವ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ ಅವರು 1945ರಲ್ಲಿ ಪ್ರಕಟಿಸಿದ ಮಿತಿಯನ್ನು ಇಂದಿಗೂ ಪ್ರಪಂಚದ ವಿದ್ಯಾರ್ಥಿಗಳು ಓದುತ್ತಾರೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನ ಪಡೆದು, ಅದೇ ವರ್ಷ 102ರ ವಯಸ್ಸಿನಲ್ಲಿ ತೀರಿಕೊಂಡರು.

ಎಲ್ಲರೂ ರಾವ್ ಆಗಬೇಕೆಂದಿಲ್ಲ. ವಿಮಾ ಕಂಪನಿಗಳಲ್ಲಿ ಆಯುಸ್ಸು, ಅಪಾಯಗಳ ಲೆಕ್ಕ ಹಾಕಿ ಕಂತನ್ನು ಗೊತ್ತುಮಾಡುವ ಆಕ್ಚುಯರಿಗಳಿದ್ದಾರೆ. ಅದರ ಪರೀಕ್ಷೆಗಳನ್ನು ನಡೆಸುವ ಸಂಸ್ಥೆ ನವಿ ಮುಂಬಯಿಯಲ್ಲಿದೆ. ಕೆಲಸಮಾಡುತ್ತಲೇ ಪರೀಕ್ಷೆಗಳನ್ನು ಮುಗಿಸುವವರು ಅನೇಕರು. ಇನ್ನು ಗುಟ್ಟನ್ನು ಕಾಯುವ ಸಂಕೇತವಿದ್ಯೆ. 1977ರಲ್ಲಿ ರೂಪುಗೊಂಡ ಆರ್.ಎಸ್.ಎ. ವಿಧಾನಕ್ಕೆ ಆಧಾರ ಮೇಲೆ ಹೇಳಿದ ಅವಿಭಾಜ್ಯಗಳೇ: ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಒಡೆದು ಅವನ್ನು ಹುಡುಕುವುದು ಬಲು ಕಷ್ಟ.

ಓದುವುದೆಲ್ಲಿ? ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಗಣಿತದ ಪದವಿಯುಂಟು. 1989ರಲ್ಲಿ ಆರಂಭವಾದ ಚೆನ್ನೈ ಗಣಿತ ಸಂಸ್ಥೆ ಸಿರುಸೇರಿಯಲ್ಲಿದೆ. ಇವಕ್ಕೆ ಪ್ರವೇಶ ಪರೀಕ್ಷೆಯಿದೆ. ಸಿದ್ಧತೆ ಮೊದಲೇ ಬೇಕು. ಊರಿನ ಕಾಲೇಜಿನಲ್ಲಿ ಓದುವವರೂ ಎದೆಗುಂದಬೇಕಾಗಿಲ್ಲ. ಗಣಿತದ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಕಂಪ್ಯೂಟರ್ ಪ್ರೋಗ್ರಾಮಿಂಗನ್ನೂ ಕಲಿತರೆ ಕೈಗೆ ಕಸುಬು ಬಂದಂತೆ.

ಗಣಿತ ಓದಿ ಉದ್ಯೋಗದಲ್ಲಿರುವ ಸದಸ್ಯರು ನಮ್ಮ ನಡುವೆ ಇದ್ದರೆ, ಮಕ್ಕಳೊಡನೆ ಒಂದು ಸಂಜೆ ಕುಳಿತು ಮಾತನಾಡಲಿ. ಅದಕ್ಕಿಂತ ದೊಡ್ಡ ಉಪಕಾರವಿಲ್ಲ.