ಪ್ಯಾಂಕ್ರೇಸ್‌ನ ಮೊದಲ ವರ್ಷ (1993)

ಪ್ಯಾಂಕ್ರೇಸ್ ಎಂಬುದು ಜಪಾನಿನ ಮಿಶ್ರ ಸಮರಕಲೆಯ ಸ್ಪರ್ಧೆಗಳನ್ನು ಏರ್ಪಡಿಸುವ ಸಂಸ್ಥೆಗಳಲ್ಲಿ ಒಂದು. ವೃತ್ತಿಪರ ಕುಸ್ತಿಪಟುಗಳಾದ ಮಸಕತ್ಸು ಫುನಾಕಿ ಮತ್ತು ಮಿನೊರು ಸುಜುಕಿ ಇದನ್ನು 1993ರಲ್ಲಿ ಸ್ಥಾಪಿಸಿದರು. ಇದರ ಮೊದಲ ಸ್ಪರ್ಧೆ ಅದೇ ವರ್ಷದ ಸೆಪ್ಟೆಂಬರ್ 21ರಂದು ಟೋಕಿಯೊ ಬೇ ಎನ್‌ಕೆ ಹಾಲ್ ಎಂಬ ಕ್ರೀಡಾಂಗಣದಲ್ಲಿ ಜರುಗಿತು. ಡಿಸೆಂಬರ್ ತಿಂಗಳವರೆಗೆ ತಿಂಗಳಿಗೊಂದರಂತೆ ಒಟ್ಟು ನಾಲ್ಕು ಸ್ಪರ್ಧೆಗಳು ನಡೆದವು. ಸೋಲು ಗೆಲುವುಗಳನ್ನು ಮೊದಲೇ ಗೊತ್ತುಪಡಿಸಿಕೊಳ್ಳುವ ವೃತ್ತಿಪರ ಕುಸ್ತಿಯಿಂದ ಹೊರಬಂದು, ನಿಜವಾದ ಸೆಣಸಾಟವನ್ನೇ ಪ್ರೇಕ್ಷಕರ ಮುಂದಿಡಬೇಕೆಂಬುದು ಸ್ಥಾಪಕರ ಸಂಕಲ್ಪವಾಗಿತ್ತು. ಅಮೆರಿಕದ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್‌ನ (ಯುಎಫ್‌ಸಿ) ಮೊದಲ ಸ್ಪರ್ಧೆ ನಡೆದದ್ದು ಇದಾದ 52 ದಿನಗಳ ನಂತರ.

ಹಿನ್ನೆಲೆ

ಜಪಾನಿನಲ್ಲಿ ವೃತ್ತಿಪರ ಕುಸ್ತಿಯು ಬಹುಕಾಲದಿಂದ ಜನಪ್ರಿಯ ಮನರಂಜನೆ. ಆಂಟೋನಿಯೊ ಇನೊಕಿ 1972ರಲ್ಲಿ ಸ್ಥಾಪಿಸಿದ ನ್ಯೂ ಜಪಾನ್ ಪ್ರೊ ರೆಸ್ಲಿಂಗ್ ಸಂಸ್ಥೆಯು ತನ್ನ ಕುಸ್ತಿಯೇ ಎಲ್ಲ ಸಮರಕಲೆಗಳಿಗಿಂತ ಬಲಿಷ್ಠವೆಂದು ಸಾರುತ್ತಿತ್ತು. 1976ರ ಜೂನ್ 26ರಂದು ಇನೊಕಿಯು ಮುಷ್ಟಿಯುದ್ಧದ ವಿಶ್ವವಿಜೇತ ಮಹಮ್ಮದ್ ಅಲಿಯೊಡನೆ ಟೋಕಿಯೊದಲ್ಲಿ ಸೆಣಸಿದ್ದು ಈ ಮಾತನ್ನು ಸಾಧಿಸಿ ತೋರಿಸಲೆಂದೇ. ಆದರೆ ಅದೇ ಸಂಸ್ಥೆಯ ದಿನನಿತ್ಯದ ಪಂದ್ಯಗಳ ಫಲಿತಾಂಶ ಮಾತ್ರ ಪೂರ್ವನಿಶ್ಚಿತವಾಗಿಯೇ ಇರುತ್ತಿತ್ತು. ಸಾರುವ ಮಾತಿಗೂ ನಡೆಯುವ ಆಟಕ್ಕೂ ಇದ್ದ ಈ ಅಂತರವು ಕಿರಿಯ ಕುಸ್ತಿಪಟುಗಳಲ್ಲಿ ಅಸಮಾಧಾನವನ್ನು ಹುಟ್ಟಿಸಿತು.

1984ರಲ್ಲಿ ಆರಂಭವಾದ ಯುಡಬ್ಲ್ಯುಎಫ್ ಸಂಸ್ಥೆಯು ಒದೆತಗಳಿಗೂ ಕೀಲು ತಿರುಚುವ ಪಟ್ಟುಗಳಿಗೂ ಪ್ರಾಧಾನ್ಯ ಕೊಟ್ಟು, ನೋಟದಲ್ಲಿ ನೈಜವೆನಿಸುವ ಶೈಲಿಯನ್ನು ರೂಢಿಗೆ ತಂದಿತು. ಅಲ್ಲಿಯೂ ಫಲಿತಾಂಶ ನಿಗದಿಯಾಗುವ ಪದ್ಧತಿ ಬದಲಾಗಲಿಲ್ಲ. 1988ರಲ್ಲಿ ಮರುಹುಟ್ಟು ಪಡೆದ ಈ ಸಂಸ್ಥೆಯು ಕೆಲವೇ ವರ್ಷಗಳಲ್ಲಿ ಒಡೆದು ಮೂರಾಯಿತು. ಅವುಗಳಲ್ಲೊಂದು ಯೊಶಿಯಾಕಿ ಫುಜಿವಾರಾ ಅವರ ಫುಜಿವಾರಾ ಗುಮಿ. ನ್ಯೂ ಜಪಾನ್ ಸಂಸ್ಥೆಯಲ್ಲಿ ಪಳಗಿದ್ದ ಫುನಾಕಿ (ಜನನ 1969) ಮತ್ತು ಸುಜುಕಿ (ಜನನ 1968) ಯುಡಬ್ಲ್ಯುಎಫ್‌ನ ಮೂಲಕ ಫುಜಿವಾರಾ ಗುಮಿಗೆ ಬಂದರು. 1993ರಲ್ಲಿ ಅಲ್ಲಿಂದಲೂ ಹೊರಬಂದು ಸ್ವಂತ ಸಂಸ್ಥೆಯನ್ನು ಕಟ್ಟಿದಾಗ ಇಬ್ಬರೂ ಇಪ್ಪತ್ತೈದರ ಆಸುಪಾಸಿನ ತರುಣರು.

ನಿಜವಾದ ಸ್ಪರ್ಧೆಯ ಪ್ರಯತ್ನ ಜಪಾನಿನಲ್ಲಿ ಇದೇ ಮೊದಲಲ್ಲ. ಸತೊರು ಸಯಾಮಾ ಸ್ಥಾಪಿಸಿದ ಶೂಟೊ ಸಂಸ್ಥೆಯು 1989ರಲ್ಲಿಯೇ ವೃತ್ತಿಪರ ಪಂದ್ಯಗಳನ್ನು ಆರಂಭಿಸಿತ್ತು. ಆದರೆ ಹೆಸರುವಾಸಿಯಾದ ವೃತ್ತಿಪರ ಕುಸ್ತಿಪಟುಗಳೇ ತಮ್ಮ ಖ್ಯಾತಿಯನ್ನು ಪಣವಾಗಿಟ್ಟು ಅಖಾಡಕ್ಕೆ ಇಳಿದದ್ದು ಪ್ಯಾಂಕ್ರೇಸ್‌ನ ವೈಶಿಷ್ಟ್ಯ.

ಹೆಸರು

ಪ್ರಾಚೀನ ಗ್ರೀಸಿನ ಒಲಿಂಪಿಕ್ ಕ್ರೀಡೆಗಳಲ್ಲಿ ಕುಸ್ತಿ ಮತ್ತು ಮುಷ್ಟಿಯುದ್ಧಗಳೆರಡನ್ನೂ ಒಳಗೊಂಡ ಪ್ಯಾಂಕ್ರೇಷನ್ ಎಂಬ ಸ್ಪರ್ಧೆ ಇತ್ತು. 'ಸಮಸ್ತ ಬಲ' ಎಂಬ ಅರ್ಥದ ಆ ಪದದಿಂದ 'ಪ್ಯಾಂಕ್ರೇಸ್' ಎಂಬ ಹೆಸರನ್ನು ಸೂಚಿಸಿದವರು ಸ್ಥಾಪಕರ ಗುರು ಕಾರ್ಲ್ ಗಾಚ್. ಸಂಸ್ಥೆಯು ತನ್ನ ಶೈಲಿಯನ್ನು 'ಹೈಬ್ರಿಡ್ ಕುಸ್ತಿ' ಎಂದು ಕರೆದುಕೊಂಡಿತು.

ನಿಯಮಗಳು

ಪಂದ್ಯಗಳು ಹಗ್ಗ ಬಿಗಿದ ಚೌಕಾಕಾರದ ಅಂಕಣದಲ್ಲಿ ನಡೆಯುತ್ತಿದ್ದವು. ಸ್ಪರ್ಧಿಗಳು ಕೈಗವಸು ಧರಿಸುತ್ತಿರಲಿಲ್ಲ. ಕಾಲಿಗೆ ಬೂಟು ಮತ್ತು ಮೊಣಕಾಲು, ಕಣಕಾಲುಗಳ ಕವಚ ಇರುತ್ತಿದ್ದವು. ಮುಖ್ಯ ನಿಯಮಗಳು ಹೀಗಿದ್ದವು:

* ಮುಖಕ್ಕೆ ಮುಷ್ಟಿಯಿಂದ ಗುದ್ದುವಂತಿಲ್ಲ. ತೆರೆದ ಅಂಗೈಯಿಂದ ಹೊಡೆಯಬಹುದು. ದೇಹಕ್ಕೆ ಮುಷ್ಟಿಯಿಂದ ಗುದ್ದಬಹುದು.
* ಒದೆತ, ಮೊಣಕಾಲಿನ ಹೊಡೆತಗಳಿಗೆ ಅವಕಾಶವಿದೆ.
* ಕತ್ತು ಬಿಗಿಯುವ, ಕೈಕಾಲುಗಳ ಕೀಲು ತಿರುಚುವ ಪಟ್ಟುಗಳಿಗೆ ಅವಕಾಶವಿದೆ. ಎದುರಾಳಿಯು ಸೋಲೊಪ್ಪಿಕೊಂಡರೆ ಪಂದ್ಯ ಮುಗಿಯುತ್ತದೆ.
* ಪಟ್ಟಿನಲ್ಲಿ ಸಿಲುಕಿದವನು ಹಗ್ಗವನ್ನು ಮುಟ್ಟಿದರೆ ಬಿಡುಗಡೆ ದೊರೆಯುತ್ತದೆ. ಆದರೆ ಒಂದು ಅಂಕ ನಷ್ಟವಾಗುತ್ತದೆ.
* ಹೊಡೆತ ತಿಂದು ಕೆಳಗೆ ಬಿದ್ದವನು ಹತ್ತು ಎಣಿಸುವುದರೊಳಗೆ ಏಳಬೇಕು.

ಕರ್ನಾಟಕದ ಗರಡಿಮನೆಗಳ ಮಟ್ಟಿ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು. ಮೈಸೂರು ದಸರೆಯಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವು ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ಪ್ಯಾಂಕ್ರೇಸ್‌ನಲ್ಲಿ ಬೆನ್ನು ನೆಲಕ್ಕೆ ತಾಗುವುದಾಗಲಿ ರಕ್ತ ಬರುವುದಾಗಲಿ ಸೋಲಿನ ಗುರುತಲ್ಲ. ಕೆಳಗೆ ಬಿದ್ದವನೂ ಅಲ್ಲಿಂದಲೇ ಎದುರಾಳಿಯ ಕಾಲನ್ನೋ ತೋಳನ್ನೋ ಹಿಡಿದು ಗೆಲ್ಲಬಹುದಾಗಿತ್ತು. ಹಗ್ಗ ಮುಟ್ಟಿ ಪಾರಾಗುವ ಅವಕಾಶವಿದ್ದುದರಿಂದ ಸ್ಪರ್ಧಿಗಳು ಧೈರ್ಯದಿಂದ ಹೊಸ ಹೊಸ ಪಟ್ಟುಗಳಿಗೆ ಕೈಹಾಕುತ್ತಿದ್ದರು. ಕಾಲಿನ ಪಟ್ಟುಗಳು ಇಲ್ಲಿ ಹೇರಳವಾಗಿ ಬೆಳೆದುದಕ್ಕೆ ಈ ನಿಯಮವೂ ಒಂದು ಕಾರಣ.

ಮೊದಲ ಸ್ಪರ್ಧೆ

ಸೆಪ್ಟೆಂಬರ್ 21ರ ಸ್ಪರ್ಧೆಯಲ್ಲಿ ಐದು ಪಂದ್ಯಗಳಿದ್ದವು. ಫಲಿತಾಂಶಗಳು ಹೀಗಿವೆ:

* ಕೆನ್ ಶ್ಯಾಮ್‌ರಾಕ್ (ಅಮೆರಿಕ) ಅವರಿಗೆ ಮಸಕತ್ಸು ಫುನಾಕಿ ವಿರುದ್ಧ ಜಯ: 6 ನಿಮಿಷ 15 ಸೆಕೆಂಡು
* ಮಿನೊರು ಸುಜುಕಿ ಅವರಿಗೆ ಕತ್ಸುಓಮಿ ಇನಗಾಕಿ ವಿರುದ್ಧ ಜಯ: 3 ನಿಮಿಷ 25 ಸೆಕೆಂಡು
* ಕಝುವೊ ತಕಾಹಾಶಿ ಅವರಿಗೆ ಜಾರ್ಜ್ ವೈನ್‌ಗೆರಾಫ್ ವಿರುದ್ಧ ಜಯ: 1 ನಿಮಿಷ 23 ಸೆಕೆಂಡು
* ತಕಾಕು ಫುಕೆ ಅವರಿಗೆ ವರ್ನನ್ ವೈಟ್ ವಿರುದ್ಧ ಜಯ: 1 ನಿಮಿಷ 19 ಸೆಕೆಂಡು
* ಬಾಸ್ ರುಟ್ಟನ್ (ನೆದರ್‌ಲ್ಯಾಂಡ್ಸ್) ಅವರಿಗೆ ರ್ಯೂಶಿ ಯಾನಾಗಿಸಾವಾ ವಿರುದ್ಧ ಜಯ: 43 ಸೆಕೆಂಡು

ಐದೂ ಪಂದ್ಯಗಳ ಒಟ್ಟು ಅವಧಿ ಕೇವಲ 13 ನಿಮಿಷ 5 ಸೆಕೆಂಡು. ಒಂದೊಂದು ಪಂದ್ಯವೂ ಏರಿಳಿತಗಳೊಡನೆ ಬಹುಹೊತ್ತು ಸಾಗುವುದನ್ನು ಕಂಡು ರೂಢಿಯಾಗಿದ್ದ ಪ್ರೇಕ್ಷಕರಿಗೆ ಇದು ಹೊಸ ಅನುಭವ. ವೃತ್ತಿಪರ ಕುಸ್ತಿಯಲ್ಲಿ ಹೊಡೆತ ತಿಂದವನು ಪುನಃ ಎದ್ದು ಬರುವುದು ಕಥೆಯ ಭಾಗ. ಇಲ್ಲಿ ಪಟ್ಟು ಬಿಗಿಯಾಗಿ ಬಿದ್ದರೆ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಮಹತ್ವದ ಸಂಗತಿಯೆಂದರೆ ಮುಖ್ಯ ಪಂದ್ಯದ ಫಲಿತಾಂಶ. ಸಂಸ್ಥೆಯ ಸ್ಥಾಪಕನೂ ಅದರ ಮುಖ್ಯ ಆಕರ್ಷಣೆಯೂ ಆಗಿದ್ದ ಫುನಾಕಿ, ತನ್ನದೇ ಸಂಸ್ಥೆಯ ಮೊದಲ ದಿನವೇ ವಿದೇಶಿ ಸ್ಪರ್ಧಿಯೊಬ್ಬನ ಪಟ್ಟಿಗೆ ಸಿಲುಕಿ ಸೋತರು. ಹಳೆಯ ಪದ್ಧತಿಯಲ್ಲಿ ಸಂಸ್ಥೆಯ ಯಜಮಾನನೇ ನಾಯಕ. ಅವನ ಗೆಲುವಿನ ಮೇಲೆಯೇ ವ್ಯಾಪಾರ ನಿಂತಿರುತ್ತಿತ್ತು. ಫುನಾಕಿಯ ಸೋಲು ವ್ಯಾಪಾರದ ದೃಷ್ಟಿಯಿಂದ ಹಾನಿಯೆನಿಸಿದರೂ, ಸಂಸ್ಥೆಯು ಕೊಟ್ಟ ಮಾತಿಗೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ.

ವರ್ಷದ ಉಳಿದ ಸ್ಪರ್ಧೆಗಳು

ಅಕ್ಟೋಬರ್ 14ರಂದು ನಡೆದ ಎರಡನೆಯ ಸ್ಪರ್ಧೆಯಲ್ಲಿ ಶ್ಯಾಮ್‌ರಾಕ್ ಅವರು ತಕಾಹಾಶಿಯನ್ನೂ ರುಟ್ಟನ್ ಅವರು ಫುಕೆಯನ್ನೂ ಸೋಲಿಸಿದರು. ನವೆಂಬರ್ 8ರಂದು ಕೋಬೆ ನಗರದಲ್ಲಿ ಮೂರನೆಯ ಸ್ಪರ್ಧೆ ಜರುಗಿತು. ಅಲ್ಲಿ ಸುಜುಕಿಯು ಅಮೆರಿಕದ ಕಿಕ್‌ಬಾಕ್ಸರ್ ಮಾರಿಸ್ ಸ್ಮಿತ್‌ನನ್ನು ಕಿಕ್‌ಬಾಕ್ಸಿಂಗ್ ನಿಯಮಗಳಡಿಯಲ್ಲಿಯೇ ಎದುರಿಸಿ ಸೋತರು. ಹೀಗೆ ಸ್ಥಾಪಕರಿಬ್ಬರೂ ಮೊದಲ ಮೂರು ತಿಂಗಳೊಳಗೆ ಪ್ರೇಕ್ಷಕರೆದುರು ಸೋಲುಂಡಂತಾಯಿತು. ನಾಲ್ಕನೆಯ ಸ್ಪರ್ಧೆ ಡಿಸೆಂಬರ್ 8ರಂದು ನಡೆಯಿತು.

ಕೋಬೆಯಲ್ಲಿ ಫುಕೆಯ ವಿರುದ್ಧ ಗೆದ್ದ ಶ್ಯಾಮ್‌ರಾಕ್, ನಾಲ್ಕೇ ದಿನಗಳಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಯುಎಫ್‌ಸಿಯ ಮೊದಲ ಸ್ಪರ್ಧೆಗೆ ಇಳಿದರು. ಅಲ್ಲಿ ಪ್ಯಾಟ್ರಿಕ್ ಸ್ಮಿತ್‌ನನ್ನು ಕಾಲಿನ ಪಟ್ಟಿನಿಂದ ಸೋಲಿಸಿದರು. ಅನಂತರ ಬ್ರೆಜಿಲ್‌ನ ರಾಯ್ಸ್ ಗ್ರೇಸಿ ತನ್ನ ಸಮರಕಲೆಯ ಉಡುಪನ್ನೇ ಬಳಸಿ ಕತ್ತು ಬಿಗಿದಾಗ ಒಂದು ನಿಮಿಷದೊಳಗೆ ಸೋತರು. ಉಡುಪನ್ನು ಹಿಡಿದು ಹಾಕುವ ಪಟ್ಟುಗಳಿಗೆ ಪ್ಯಾಂಕ್ರೇಸ್‌ನಲ್ಲಿ ಎಡೆಯಿರಲಿಲ್ಲ.

ಭಾರತೀಯ ವ್ಯಾಯಾಮ ಪದ್ಧತಿಯ ನಂಟು

ಬೆಲ್ಜಿಯಂನಲ್ಲಿ ಜನಿಸಿದ ಕಾರ್ಲ್ ಗಾಚ್ (1924-2007) 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯಾಡಿದವರು. ಅನಂತರ ಇಂಗ್ಲೆಂಡಿನ ವಿಗನ್ ಪಟ್ಟಣದ ಪ್ರಸಿದ್ಧ ಅಖಾಡದಲ್ಲಿ ಕೀಲು ತಿರುಚುವ ಕುಸ್ತಿಯನ್ನು ಕಲಿತರು. ಜಪಾನಿನಲ್ಲಿ ಅವರನ್ನು 'ಕುಸ್ತಿಯ ದೇವರು' ಎಂದು ಗೌರವಿಸುತ್ತಿದ್ದರು. ಅವರು ಶಿಷ್ಯರಿಗೆ ಕಲಿಸಿದ ಅಂಗಸಾಧನೆಯಲ್ಲಿ ಭಾರತೀಯ ಪೈಲ್ವಾನರ ದಂಡ ಮತ್ತು ಬೈಠಕ್‌ಗಳಿಗೆ ಪ್ರಮುಖ ಸ್ಥಾನವಿತ್ತು. ಗರಡಿಮನೆಯ ಹುಡುಗರು ನಿತ್ಯ ಮಾಡುವ ಸಾಮು ಹೀಗೆ ಯುರೋಪಿನ ಕುಸ್ತಿಪಟುವೊಬ್ಬರ ಮೂಲಕ ಜಪಾನನ್ನು ತಲುಪಿತು.

ಉಪಖಂಡದ ಕುಸ್ತಿಗೂ ಜಪಾನಿನ ಈ ಪರಂಪರೆಗೂ ನೇರ ಮುಖಾಮುಖಿಯೂ ನಡೆದಿತ್ತು. 1976ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ ಇನೊಕಿಯು ಗಾಮಾ ಪೈಲ್ವಾನರ ತಮ್ಮನ ಮಗ ಅಕ್ರಮ್ ಅವರನ್ನು ತೋಳಿನ ಪಟ್ಟಿನಿಂದ ಸೋಲಿಸಿದ್ದರು.

ಟೀಕೆಗಳು

ಆರಂಭದ ವರ್ಷಗಳ ಕೆಲವು ಪಂದ್ಯಗಳು ಪೂರ್ತಿ ನೈಜವಾಗಿರಲಿಲ್ಲವೆಂಬ ಸಂಶಯ ಅಭಿಮಾನಿಗಳಲ್ಲಿ ಉಳಿದುಕೊಂಡಿದೆ. ಸ್ಥಾಪಕರೆಲ್ಲ ವೃತ್ತಿಪರ ಕುಸ್ತಿಯ ಹಿನ್ನೆಲೆಯವರಾಗಿದ್ದುದು ಈ ಸಂಶಯಕ್ಕೆ ಇಂಬು ಕೊಟ್ಟಿತು. ಹಗ್ಗ ಮುಟ್ಟಿ ಪಾರಾಗುವ ನಿಯಮವು ಹಳೆಯ ಕುಸ್ತಿಯ ಪಳೆಯುಳಿಕೆಯೆಂಬ ಟೀಕೆಯೂ ಇದೆ. ತಿಂಗಳಿಗೊಂದು ಸ್ಪರ್ಧೆ ಎಂಬ ವೇಳಾಪಟ್ಟಿಯೂ ಪ್ರದರ್ಶನ ಕುಸ್ತಿಗೆ ಒಗ್ಗುವಂಥದೇ ಹೊರತು, ನಿಜವಾದ ಹೊಡೆದಾಟದಲ್ಲಿ ಗಾಯಗೊಳ್ಳುವ ದೇಹಕ್ಕೆ ಕಠಿಣವಾಗಿತ್ತು.

ನಂತರದ ಬೆಳವಣಿಗೆ

1994ರ ಡಿಸೆಂಬರ್‌ನಲ್ಲಿ ನಡೆದ ಪಂದ್ಯಾವಳಿಯನ್ನು ಗೆದ್ದ ಶ್ಯಾಮ್‌ರಾಕ್ 'ಕಿಂಗ್ ಆಫ್ ಪ್ಯಾಂಕ್ರೇಸ್' ಬಿರುದಿನ ಮೊದಲ ವಿಜೇತರಾದರು. 1995ರಲ್ಲಿ ಆ ಬಿರುದು ಮೊದಲು ಸುಜುಕಿಗೆ, ಬಳಿಕ ರುಟ್ಟನ್‌ಗೆ ಸಂದಿತು. ಮೊದಲ ದಿನ ಅಖಾಡಕ್ಕಿಳಿದ ಹತ್ತು ಮಂದಿಯಲ್ಲಿ ಶ್ಯಾಮ್‌ರಾಕ್ ಮತ್ತು ರುಟ್ಟನ್ ಮುಂದೆ ಯುಎಫ್‌ಸಿಯಲ್ಲಿಯೂ ಪ್ರಶಸ್ತಿ ಗೆದ್ದರು. ಕಾಲಕ್ರಮದಲ್ಲಿ ಪ್ಯಾಂಕ್ರೇಸ್ ಹಗ್ಗದ ನಿಯಮವನ್ನೂ ಅಂಗೈ ಹೊಡೆತದ ನಿಯಮವನ್ನೂ ಕೈಬಿಟ್ಟು, ಇತರ ಸಂಸ್ಥೆಗಳಂತೆ ಕೈಗವಸು ಧರಿಸಿ ಆಡುವ ಮಿಶ್ರ ಸಮರಕಲೆಯ ಸಾಮಾನ್ಯ ನಿಯಮಗಳನ್ನು ಅಳವಡಿಸಿಕೊಂಡಿತು.