ಅರ್ಥ ಆಮೇಲೆ ಬಂತು

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ಪಿಂಕ್ ಫ್ಲಾಯ್ಡ್, ಈಗಲ್ಸ್, ಕ್ವೀನ್ ಅಂತೆಲ್ಲ ಮಾತಾಡಿದರೆ ಎದುರಿಗಿದ್ದವರ ಮುಖದಲ್ಲಿ ಸಣ್ಣದೊಂದು ಅನುಮಾನ ಮೂಡುತ್ತದೆ. ಕೆಲವರು ಕೇಳಿಯೇ ಬಿಡುತ್ತಾರೆ: 'ಅದ್ರಲ್ಲಿ ಏನ್ ಹೇಳ್ತಾರೆ ಅಂತ ಗೊತ್ತಾಗುತ್ತೇನೋ ನಿಂಗೆ?' ಊರಿಗೆ ಹೋದಾಗ ಚಿಕ್ಕಪ್ಪ ಹೀಗೆ ಕೇಳುತ್ತಾರೆ. ಪುಣೆಯ ಆಫೀಸಿನಲ್ಲಿ ಕಾನ್ವೆಂಟ್ ಓದಿದ ಸಹೋದ್ಯೋಗಿ ಇದನ್ನೇ ಸ್ವಲ್ಪ ನಾಜೂಕಾಗಿ ಕೇಳುತ್ತಾನೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಮೊದಲ ನಾಲ್ಕೈದು ವರ್ಷ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕು ಅಂತ ಅನ್ನಿಸಿರಲೂ ಇಲ್ಲ.

2005ರಲ್ಲಿ ಭದ್ರಾವತಿಯಿಂದ ದಾವಣಗೆರೆಗೆ ಎಂಜಿನಿಯರಿಂಗ್ ಓದಲು ಹೋದೆ. ಹಾಸ್ಟೆಲಿನಲ್ಲಿ ನಾಲ್ಕೈದು ರೂಮಿಗೊಂದು ಅಸೆಂಬಲ್ ಮಾಡಿಸಿದ ಕಂಪ್ಯೂಟರ್, ಕಿಟಕಿಯಿಂದ ಕಿಟಕಿಗೆ ಎಳೆದ ಲ್ಯಾನ್ ಕೇಬಲ್. ಯಾರೋ ಸೀನಿಯರ್ 'ಓಲ್ಡ್ ಇಂಗ್ಲಿಷ್' ಎಂಬ ಫೋಲ್ಡರ್ ಶೇರ್ ಮಾಡಿದ್ದರು. ಅದರಲ್ಲಿದ್ದ ಅರ್ಧ ಫೈಲುಗಳಿಗೆ ಹೆಸರೇ ಇರಲಿಲ್ಲ, ಬರೀ 'ಟ್ರ್ಯಾಕ್ 03', 'ಟ್ರ್ಯಾಕ್ 07'. ಹಾಡಿದವರು ಯಾರು, ಯಾವ ದೇಶದವರು, ಎಷ್ಟು ಹಳೆಯದು, ಒಂದೂ ತಿಳಿಯದು. ನಾವೇ ಗುರುತು ಇಟ್ಟುಕೊಂಡಿದ್ದೆವು: ಗಂಟೆ ಹೊಡೆಯುವ ಹಾಡು, ಶಿಳ್ಳೆ ಹಾಡು, ಕೊನೆಯಲ್ಲಿ ಇಬ್ಬರು ಗಿಟಾರ್‌ನಲ್ಲಿ ಜಗಳ ಆಡುವ ಹಾಡು.

ಆ ಜಗಳದ ಹಾಡು 'ಹೋಟೆಲ್ ಕ್ಯಾಲಿಫೋರ್ನಿಯಾ'. ಭಾರತದ ಪ್ರತಿ ಎಂಜಿನಿಯರಿಂಗ್ ಹಾಸ್ಟೆಲಿನಲ್ಲೂ ಗಿಟಾರ್ ಇರುವವನೊಬ್ಬ ಇರುತ್ತಾನೆ, ಅವನು ಮೊದಲು ಕಲಿಯುವುದು ಇದರ ಶುರುವಿನ ಭಾಗವನ್ನೇ. ನಾಲ್ಕು ವರ್ಷದಲ್ಲಿ ಒಬ್ಬನಾದರೂ ಅದರ ಎರಡನೇ ಚರಣ ತಲುಪಿದ್ದನ್ನು ನಾನು ಕಾಣೆ. ಹಾಡಿನ ಕೊನೆಯಲ್ಲಿ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಒಬ್ಬರ ಮಾತಿಗೆ ಒಬ್ಬರು ಮಾತು ಕೊಟ್ಟಂತೆ ನುಡಿಸುತ್ತಾರಲ್ಲ, ಅದಕ್ಕೆ ಭಾಷಾಂತರ ಬೇಕಿರಲಿಲ್ಲ.

ಈ ಹಾಡು ಹುಟ್ಟಿದ ರೀತಿ ಎಷ್ಟೋ ವರ್ಷದ ಮೇಲೆ ಓದಿ ತಿಳಿದಾಗ ನಗು ಬಂತು. ಫೆಲ್ಡರ್ ಕ್ಯಾಲಿಫೋರ್ನಿಯಾದ ಸಮುದ್ರದಂಡೆಯ ಮನೆಯಲ್ಲಿ ಕೂತು ಮಟ್ಟನ್ನು ಟೇಪಿಗೆ ತುಂಬಿಸಿ ಉಳಿದವರಿಗೆ ಕೊಟ್ಟಿದ್ದರು. ಆಗ ಅದಕ್ಕೆ ಪದವೂ ಇಲ್ಲ, ಹೆಸರೂ ಇಲ್ಲ. ಕೇಳಿದರೆ ಹೇಗನ್ನಿಸುತ್ತದೋ ಅದೇ ಹೆಸರು: 'ಮೆಕ್ಸಿಕನ್ ರೆಗೆ'. ನಮ್ಮ 'ಜಗಳದ ಹಾಡು' ಇದ್ದಂತೆಯೇ. ಪದಗಳನ್ನು ಡಾನ್ ಹೆನ್ಲಿ ಮತ್ತು ಗ್ಲೆನ್ ಫ್ರೈ ಆಮೇಲೆ ಕೂರಿಸಿದರು. 1976ರಲ್ಲಿ ಮಯಾಮಿಯ ಸ್ಟುಡಿಯೊದಲ್ಲಿ ಕೊನೆಯ ಗಿಟಾರ್ ಭಾಗ ಬಂದಾಗ ಫೆಲ್ಡರ್ ಹೊಸದಾಗಿ ಏನೋ ನುಡಿಸತೊಡಗಿದರೆ ಹೆನ್ಲಿ ಬಿಡಲಿಲ್ಲ, ಟೇಪಿನಲ್ಲಿ ಇದ್ದಂತೆಯೇ ಬರಬೇಕು ಎಂದರು. ಟೇಪು ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ. ಕೊನೆಗೆ ಮನೆಗೆಲಸದಾಕೆಗೆ ಫೋನ್ ಮಾಡಿ, ಕ್ಯಾಸೆಟ್ ಹಾಕಿಸಿ, ರಿಸೀವರನ್ನು ಸ್ಪೀಕರಿಗೆ ಹಿಡಿಸಿ, ಫೆಲ್ಡರ್ ತಾನೇ ನುಡಿಸಿದ್ದನ್ನು ತಾನೇ ಮತ್ತೆ ಕಲಿತರು. ಬ್ಯಾಕಪ್ ಇಲ್ಲದ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿದವರಿಗೆ ಆ ಫೋನ್ ಕರೆಯ ಬೆಲೆ ಗೊತ್ತು.

ಮಟ್ಟು ಮೊದಲು, ಮಾತು ನಂತರ. ಇದೇನು ಅಮೆರಿಕದವರ ಕ್ರಮವಲ್ಲ, ನಮ್ಮ ಸಿನಿಮಾದವರಿಗೂ ಇದು ದಿನನಿತ್ಯದ ಪದ್ಧತಿ. ಸಂಗೀತ ನಿರ್ದೇಶಕರು 'ಲಲ್ಲಲ್ಲಾ' ಎಂದೋ ಬಾಯಿಗೆ ಬಂದ ಡಮ್ಮಿ ಸಾಹಿತ್ಯದಲ್ಲೋ ಹಾಡಿ ತೋರಿಸುತ್ತಾರೆ, ಕವಿ ಆ ಅಳತೆಗೆ ಪದ ಹೊಲಿಯುತ್ತಾರೆ. ಚಿ. ಉದಯಶಂಕರ್ ಹಾಗೆ ಕೂತಲ್ಲೇ ಬರೆದುಕೊಡುತ್ತಿದ್ದ ವೇಗ ನಮ್ಮ ಚಿತ್ರರಂಗದಲ್ಲಿ ಮನೆಮಾತು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 'ಯೆಸ್ಟರ್‌ಡೇ' ಹಾಡಿನ ಮಟ್ಟನ್ನು ನಿದ್ದೆಯಲ್ಲಿ ಕೇಳಿ ಎದ್ದವರು. ಪದ ಸಿಗುವವರೆಗೆ ಜಾಗ ತುಂಬಲಿ ಅಂತ ಮೊಟ್ಟೆ ತಿಂಡಿಯ ಹೆಸರು ಹಾಕಿಕೊಂಡು ಹಾಡುತ್ತಿದ್ದರಂತೆ. 1965ರಲ್ಲಿ ಅದು ರೆಕಾರ್ಡ್ ಆದಾಗ ಮೊಟ್ಟೆ ಹೋಗಿ ದುಃಖ ಬಂದಿತ್ತು. ಹಾಡು ಕಟ್ಟಿದವರೇ ಅರ್ಥಕ್ಕಾಗಿ ತಿಂಗಳುಗಟ್ಟಲೆ ಕಾಯುವಾಗ ಕೇಳುವವನು ನಾಲ್ಕು ವರ್ಷ ಕಾದರೆ ಏನು ಮಹಾ?

ನನಗೆ ಎಲ್ಲಕ್ಕಿಂತ ಹತ್ತಿರದ್ದು ಪಿಂಕ್ ಫ್ಲಾಯ್ಡ್‌ನ 'ವಿಶ್ ಯೂ ವರ್ ಹಿಯರ್'. 1975ರ ಹಾಡು. ಶುರುವಾಗುವುದೇ ರೇಡಿಯೊದಿಂದ. ಯಾರೋ ಸ್ಟೇಷನ್ ತಿರುಗಿಸುತ್ತಿದ್ದಾರೆ. ಗೊರಗೊರ ಸದ್ದು, ಮಾತಿನ ತುಣುಕು, ಚೈಕೋವ್‌ಸ್ಕಿಯ ಸಿಂಫನಿಯದೊಂದು ಚೂರು. ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ತಮ್ಮ ಕಾರಿನ ರೇಡಿಯೊದಿಂದಲೇ ಅದನ್ನು ಹಿಡಿದದ್ದು. ಆಮೇಲೆ ಎಲ್ಲೋ ದೂರದ ಸ್ಟೇಷನ್ನಿನಿಂದ ಬಂದಂತೆ ಸಣಕಲು ದನಿಯ ಒಂದು ಗಿಟಾರ್. ಅದು ಒಂದಷ್ಟು ಹೊತ್ತು ನುಡಿದ ಮೇಲೆ ಇನ್ನೊಂದು ಗಿಟಾರ್ ಸೇರಿಕೊಳ್ಳುತ್ತದೆ. ಇದು ಹತ್ತಿರದ್ದು, ನಮ್ಮ ರೂಮಿನಲ್ಲೇ ಮಂಚದ ಮೇಲೆ ಕೂತು ಯಾರೋ ಆ ರೇಡಿಯೊ ಜೊತೆ ನುಡಿಸಿದ ಹಾಗೆ. ಆತ ಕೆಮ್ಮುವುದು, ಉಸಿರೆಳೆದುಕೊಳ್ಳುವುದು ಕೂಡ ಕೇಳಿಸುತ್ತದೆ. ಇಷ್ಟಾಗುವವರೆಗೆ ಒಂದು ಪದವೂ ಹಾಡಾಗಿಲ್ಲ. ಆದರೆ ಒಬ್ಬರು ಅಲ್ಲಿದ್ದಾರೆ, ಇನ್ನೊಬ್ಬರು ಇಲ್ಲಿ, ನಡುವೆ ಮುಟ್ಟಲಾಗದ ದೂರ ಎಂಬುದು ಕಿವಿಗೆ ತಿಳಿದುಬಿಟ್ಟಿರುತ್ತದೆ.

ಭದ್ರಾವತಿಯ ನಮ್ಮ ಮನೆಯಲ್ಲಿ ಆಕಾಶವಾಣಿ ದಿನವಿಡೀ ಕೂಗುತ್ತಿತ್ತು. ಅಪ್ಪ ಸ್ಟೇಷನ್ ತಿರುಗಿಸುವಾಗ ಬರುವ ಆ ಗೊರಗೊರ ನನಗೆ ಹಾಡಿನಷ್ಟೇ ಪರಿಚಿತ. ಮನೆ ಬಿಟ್ಟು ಮೊದಲ ಸಲ ಹಾಸ್ಟೆಲ್ ಸೇರಿದ ಹುಡುಗ ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನಿನಲ್ಲಿ ಅದೇ ಸದ್ದು ಕೇಳಿದರೆ ಹೇಗಾಗಬೇಡ? ಆ ಹಾಡಿನ ಸಾಹಿತ್ಯವನ್ನು ನಾನು ಸರಿಯಾಗಿ ಓದಿದ್ದು ಸುರತ್ಕಲ್‌ನಲ್ಲಿ ಎಂಟೆಕ್ ಮಾಡುವಾಗ. ಓದಿ ಮುಗಿಸಿದ ಮೇಲೆ ಹೊಸದೇನೂ ತಿಳಿದಂತೆ ಅನ್ನಿಸಲಿಲ್ಲ, ತಿಳಿದದ್ದಕ್ಕೆ ಯಾರೋ ಸಹಿ ಹಾಕಿಕೊಟ್ಟ ಹಾಗಾಯಿತು.

ಆ ಆಲ್ಬಮ್ಮಿನ ಹಿಂದೆ ಸಿಡ್ ಬ್ಯಾರೆಟ್ ಇದ್ದಾನೆ. ತಂಡ ಕಟ್ಟಿ ಮೊದಮೊದಲ ಹಾಡು ಬರೆದವನು, ಮನಸ್ಸು ಹದಗೆಟ್ಟು 1968ರಲ್ಲಿ ತಂಡದಿಂದ ಹೊರಗಾದವನು. 1975ರ ಜೂನ್ 5ರಂದು ಗೆಳೆಯರು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಅವನ ಕುರಿತೇ ಬರೆದ ಇನ್ನೊಂದು ಹಾಡಿನ ಕೆಲಸದಲ್ಲಿದ್ದಾಗ ತಲೆ, ಹುಬ್ಬು ಬೋಳಿಸಿಕೊಂಡ ದಪ್ಪ ಮನುಷ್ಯನೊಬ್ಬ ಒಳಗೆ ಬಂದ. ಸ್ವಲ್ಪ ಹೊತ್ತು ಅವನು ಯಾರೆಂದು ಯಾರಿಗೂ ಗುರುತು ಹತ್ತಲಿಲ್ಲ. ಯಾರು ಇಲ್ಲಿರಬೇಕಿತ್ತು ಎಂದು ಹಾಡುತ್ತಿದ್ದರೋ ಅವನೇ ಎದುರು ನಿಂತಿದ್ದ. ಇದನ್ನು ಓದಿದ ದಿನ ನಾನು ಬೇರೆ ಏನೂ ಕೇಳಲಿಲ್ಲ.

ಪುಣೆಗೆ ಬಂದ ಮೇಲೆ ಇಂಥದೇ ಇನ್ನೊಂದು ಎಳೆ ಸಿಕ್ಕಿತು. ಇಲ್ಲಿಂದ ನೂರು ಕಿಲೋಮೀಟರ್ ಆಚೆ ಪಂಚಗಣಿ. ವಾಯಿ ದಾಟಿ ಘಾಟಿ ಹತ್ತಿದರೆ ಸ್ಟ್ರಾಬೆರಿ ಮಾರುವವರು, ಬೋರ್ಡಿಂಗ್ ಶಾಲೆಗಳು. ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಓದಿದ ಫಾರೂಕ್ ಬಲ್ಸಾರಾ ಎಂಬ ಪಾರ್ಸಿ ಹುಡುಗನೇ ಮುಂದೆ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ. ಹುಟ್ಟಿದ್ದು 1946ರಲ್ಲಿ ಜಾಂಜಿಬಾರ್‌ನಲ್ಲಿ. ಎಂಟರ ಹೊತ್ತಿಗೆ ಅಪ್ಪ ಅಮ್ಮನನ್ನು ಸಮುದ್ರದ ಆಚೆ ಬಿಟ್ಟು ಈ ಗುಡ್ಡಕ್ಕೆ ಬಂದ. ಹನ್ನೆರಡರ ಸುಮಾರಿಗೆ ಇಲ್ಲೇ 'ಹೆಕ್ಟಿಕ್ಸ್' ಎಂಬ ಶಾಲಾ ಬ್ಯಾಂಡಿನಲ್ಲಿ ಪಿಯಾನೊ ನುಡಿಸಿದ.

ಅವನ 'ಬೊಹೀಮಿಯನ್ ರಾಪ್ಸಡಿ' ಬಂದದ್ದೂ 1975ರಲ್ಲೇ. ಉದ್ದ 5 ನಿಮಿಷ 55 ಸೆಕೆಂಡ್, ರೇಡಿಯೊದಲ್ಲಿ ಯಾರೂ ಹಾಕುವುದಿಲ್ಲ ಅಂತ ಕಂಪನಿಯವರು ಬೇಡವೆಂದಿದ್ದರು. ನಡುವೆ ಬರುವ ಒಪೆರಾ ಭಾಗದಲ್ಲಿ ನೂರಾರು ಜನ ಹಾಡಿದಂತೆ ಕೇಳುತ್ತದೆ. ಹಾಡಿದವರು ಮೂವರೇ. ತಮ್ಮ ದನಿಯ ಮೇಲೆ ತಮ್ಮದೇ ದನಿಯನ್ನು ಸುಮಾರು 180 ಸಲ ಪೇರಿಸಿದರು. 24 ಟ್ರ್ಯಾಕಿನ ಟೇಪು ಓಡಿ ಓಡಿ ಎಷ್ಟು ಸವೆದಿತ್ತೆಂದರೆ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತಿತ್ತಂತೆ. ಈಗ ಲ್ಯಾಪ್‌ಟಾಪಿನಲ್ಲಿ ಸಾವಿರ ಟ್ರ್ಯಾಕ್ ಪುಕ್ಕಟೆ ಸಿಗುತ್ತವೆ, ಏನೂ ಸವೆಯುವುದಿಲ್ಲ. ಹಾಗಂತ 'ಆ ಕಾಲದ ಹಾಡೇ ಹಾಡು' ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಎಪ್ಪತ್ತರ ದಶಕದಲ್ಲೂ ಕೇಳಲಾಗದ ಹಾಡುಗಳು ಬೇಕಾದಷ್ಟಿದ್ದವು, ಅವು ಪುಣ್ಯಕ್ಕೆ ಉಳಿದು ಬಂದಿಲ್ಲ ಅಷ್ಟೆ. (ಲೆಡ್ ಝೆಪ್ಲಿನ್ ಭಕ್ತರು ಕ್ಷಮಿಸಬೇಕು, 'ಸ್ಟೇರ್‌ವೇ ಟು ಹೆವನ್' ಎಂಟು ನಿಮಿಷ ಇರಬೇಕಾದ ಅಗತ್ಯ ನನಗೆ ಇವತ್ತಿಗೂ ಕಂಡಿಲ್ಲ.)

ಆ ಒಪೆರಾ ಭಾಗದಲ್ಲಿ ಇಟಲಿಯ ನಾಟಕದ ಪಾತ್ರದ ಹೆಸರು, ಅರಬ್ಬಿ ಪದ, ವಿಜ್ಞಾನಿಯ ಹೆಸರು ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಒಟ್ಟು ಹಾಡಿನ ಅರ್ಥವೇನು ಅಂತ ಮರ್ಕ್ಯುರಿ ಕೊನೆವರೆಗೂ ಬಿಡಿಸಿ ಹೇಳಲಿಲ್ಲ. ಅಂದಮೇಲೆ ಕಾನ್ವೆಂಟ್ ಓದಿದ ಗೆಳೆಯನೂ ನಾನೂ ಈ ಹಾಡಿನ ಮಟ್ಟಿಗೆ ಒಂದೇ ಬೆಂಚಿನವರು.

2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಾವು ಆರು ಜನ ದಾವಣಗೆರೆಯಿಂದ ಬಸ್ಸು ಹತ್ತಿ ಹೋಗಿದ್ದೆವು. 'ಫಿಯರ್ ಆಫ್ ದ ಡಾರ್ಕ್' ಶುರುವಾದಾಗ ಇಡೀ ಮೈದಾನ ಗಿಟಾರಿನ ಮಟ್ಟನ್ನೇ 'ಓ ಓ' ಅಂತ ಹಾಡಿತು, ಪದವಲ್ಲ. ಅಸ್ಸಾಂ, ಕೇರಳ, ಚೆನ್ನೈ ಎಲ್ಲ ಕಡೆಯ ಹುಡುಗರಿದ್ದರು. ಆ 'ಓ ಓ'ದಲ್ಲಿ ಯಾರ ಉಚ್ಚಾರವೂ ತಪ್ಪಿರಲಿಲ್ಲ.

ಈ ಹಾಡುಗಳಿಂದ ನನಗಾದ ದೊಡ್ಡ ಲಾಭ ಇಂಗ್ಲಿಷ್ ಅಲ್ಲ, ಕನ್ನಡ ಹಾಡಿನ ಕಿವಿ. ಚಿಕ್ಕಂದಿನಲ್ಲಿ ಕನ್ನಡ ಹಾಡಿನ ಪದ ಎಷ್ಟು ಸಲೀಸಾಗಿ ಒಳಗಿಳಿಯುತ್ತಿತ್ತೆಂದರೆ ಹಿಂದೆ ಏನು ನುಡಿಯುತ್ತಿದೆ ಅಂತ ಗಮನವೇ ಹೋಗುತ್ತಿರಲಿಲ್ಲ. ರಾಕ್ ಕೇಳಿ ಕೇಳಿ ಬೇಸ್ ಗಿಟಾರ್ ಹಿಂಬಾಲಿಸುವುದು ಅಭ್ಯಾಸವಾದ ಮೇಲೆ ಶಂಕರ್‌ನಾಗ್ ಅವರ 'ಗೀತಾ' (1981) ಚಿತ್ರದ ಹಾಡು ಹಾಕಿಕೊಂಡೆ. ಇಳಯರಾಜ ಆ ಹಾಡುಗಳ ಕೆಳಗೆ ಎಂಥ ಬೇಸ್ ಹರಿಸಿದ್ದಾರೆ! ಅವರು ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು. ಆ ವೆಂಕಟೇಶರೇ 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜ್‌ಕುಮಾರ್ ಬಾಯಲ್ಲಿ 'ಇಫ್ ಯೂ ಕಮ್ ಟುಡೇ' ಹಾಡಿಸಿದ್ದು. ಇಂಗ್ಲಿಷಿನ ಗಂಧ ಇಲ್ಲದವರೂ ಅದನ್ನು ಗುನುಗಿದ್ದಾರೆ. ನಮ್ಮ ಚಿಕ್ಕಪ್ಪನೂ. ಅವರಿಗೆ ನಾನು ಅರ್ಥ ಕೇಳಿಲ್ಲ.

'ಗೀತಾ'ದ 'ಜೊತೆಯಲಿ' ಹಾಡನ್ನು ಒಂದು ಸಂಜೆ ಆಫೀಸಿನ ಕ್ಯಾಬಿನಲ್ಲಿ ಹಾಕಿದಾಗ ಲಖನೌದ ಗೆಳೆಯ ಥಟ್ಟನೆ, 'ಅರೇ, ಇದು ಚೀನಿ ಕಮ್ ಹಾಡು' ಅಂದ. ಅಮಿತಾಭ್ ಬಚ್ಚನ್ ಅವರ ಆ ಚಿತ್ರ 2007ರದು. ಕನ್ನಡದ್ದು ಇಪ್ಪತ್ತಾರು ವರ್ಷ ಮೊದಲಿನದು ಅಂತ ಹಿಂಜೇವಾಡಿಯ ಟ್ರಾಫಿಕ್ಕಿನಲ್ಲಿ ಅವನಿಗೆ ವಿವರವಾಗಿ ಪಾಠ ಮಾಡಿದೆ, ಪಾಠಕ್ಕೆ ಅಲ್ಲಿ ಸಮಯದ ಕೊರತೆ ಇರುವುದಿಲ್ಲ. ಎಸ್ಪಿಬಿ, ಜಾನಕಿ ಹಾಡುತ್ತಿರುವುದು ಏನೆಂದು ಅವನಿಗೆ ಒಂದಕ್ಷರ ತಿಳಿಯದು. ಈಗ ಕ್ಯಾಬ್ ಹತ್ತಿದರೆ ಅವನೇ ಅದನ್ನು ಕೇಳಿ ಹಾಕಿಸಿಕೊಳ್ಳುತ್ತಾನೆ.

ಮನೆಯಲ್ಲಿ ಮಾತ್ರ ಈ ವಿಷಯ ಇಷ್ಟು ಹಗುರವಾಗಿ ಮುಗಿಯುವುದಿಲ್ಲ. ಮಗಳಿಗೆ ಆರು ವರ್ಷ, ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲೇ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ, ಕೆಳಗಿನ ಮಕ್ಕಳ ಜೊತೆ ಮರಾಠಿ, ಸಿಟ್ಟು ಬಂದರೆ ಇಂಗ್ಲಿಷ್. ಹೊರನಾಡಿನಲ್ಲಿರುವ ನಿಮಗೆ ಈ ಪಟ್ಟಿ ಹೊಸದಲ್ಲ. ಭದ್ರಾವತಿಯಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಒಂದೇ ದೂರು: 'ಮೊಮ್ಮಗಳ ಹತ್ರ ನಾಲ್ಕು ಮಾತಾಡೋಣ ಅಂದ್ರೆ ಅವಳದ್ದು ಯಾವ್ದೋ ಭಾಷೆ. ನೀವಿಬ್ರೂ ಏನ್ ಮಾಡ್ತಿದೀರ?' ಭಾನುವಾರದ ಕನ್ನಡ ಕ್ಲಾಸಿಗೂ ಕಳಿಸಿ ನೋಡಿದ್ದಾಯಿತು. 'ಅ ಆ ಇ ಈ' ಬರುತ್ತದೆ. ಮಾತು ಬರಲಿಲ್ಲ.

ಆದರೆ ಕಾರಿನಲ್ಲಿ ನಾನು ಹಾಕುವ ಹಳೆಯ ಹಾಡುಗಳು ಅವಳಿಗೆ ಬಾಯಿಪಾಠ. ಮಣಿರತ್ನಂ ಅವರ ಮೊದಲ ಸಿನಿಮಾ, 1983ರ 'ಪಲ್ಲವಿ ಅನುಪಲ್ಲವಿ'ಯ ಎಸ್ಪಿಬಿ–ಜಾನಕಿ ಯುಗಳಗೀತೆಯನ್ನು ಉಸಿರು ತೆಗೆದುಕೊಳ್ಳುವ ಜಾಗ ಸಮೇತ ಹಾಡುತ್ತಾಳೆ. ಪದ ಅಲ್ಲಲ್ಲಿ ಅವಳದೇ. ನಾನು ತಿದ್ದುವುದಿಲ್ಲ. 'ಟ್ರ್ಯಾಕ್ 07' ಕೇಳುತ್ತಿದ್ದ ನಮ್ಮನ್ನು ಯಾರಾದರೂ ಪದಕ್ಕೊಮ್ಮೆ ನಿಲ್ಲಿಸಿ ತಿದ್ದಿದ್ದರೆ ಆ ಫೋಲ್ಡರನ್ನು ನಾವು ಎರಡನೇ ಸಲ ತೆರೆಯುತ್ತಿರಲಿಲ್ಲ. ಹೆಂಡತಿಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ತಪ್ಪು ಪದ ಹಾಗೇ ಕೂತುಬಿಡುತ್ತದೆ ಅನ್ನುತ್ತಾಳೆ. ಅದೂ ಸುಳ್ಳಲ್ಲ.

ಮೊನ್ನೆ ಮೊನ್ನೆಯ ತನಕ ಹೀಗೇ ನಡೆದಿತ್ತು. ಹೋದ ತಿಂಗಳು ಹಾಡು ಅರ್ಧದಲ್ಲಿದ್ದಾಗ ಹಿಂದಿನ ಸೀಟಿನಿಂದ ಒಂದು ಪ್ರಶ್ನೆ ಬಂತು, ಅದೂ ಕನ್ನಡದಲ್ಲಿ: 'ಅಪ್ಪಾ, ಮೌನ ಅಂದ್ರೆ ಏನು?' ಸ್ಕೂಲಲ್ಲಿ ಟೀಚರ್ 'ಶಾಂತ್ ಬಸಾ' ಅಂತಾರಲ್ಲ, ಎಲ್ಲರೂ ಸುಮ್ಮನೆ ಕೂರ್ತೀರಲ್ಲ, ಅದು ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ಸುಮ್ಮನೆ ಕೂರುವುದನ್ನು ಇಷ್ಟು ಚೆನ್ನಾಗಿ ಯಾಕೆ ಹಾಡುತ್ತಾರೆ ಎಂಬುದು ಅವಳ ತಕರಾರು. ನನಗೆ ಉತ್ತರ ಹೊಳೆಯಲಿಲ್ಲ. 'ಅಜ್ಜಿನ ಕೇಳು' ಅಂದೆ.

ಆವತ್ತು ರಾತ್ರಿ ಅಮ್ಮ ವಿಡಿಯೊ ಕಾಲ್‌ನಲ್ಲಿ ಆ ಒಂದು ಪದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡರು. ಭದ್ರಾ ನದಿ, ತಮ್ಮ ತವರು ಮನೆ, ನಾನು ಚಿಕ್ಕವನಿದ್ದಾಗ ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟದ್ದು, ಎಲ್ಲ ಬಂದುಹೋಯಿತು. ಈಗ ವಾರಕ್ಕೊಂದು ಪದ ಭದ್ರಾವತಿಗೆ ಹೋಗುತ್ತದೆ. ಈ ವಾರದ್ದು 'ಮಧುರ'. ಅದಕ್ಕೆ ಸರಿಯಾದ ಉದಾಹರಣೆ ಕೊಡಲು ಹೋಳಿಗೆ ಮಾಡಿಯೇ ತೋರಿಸಬೇಕು, ಮುಂದಿನ ತಿಂಗಳು ಪುಣೆಗೇ ಬರುತ್ತೇನೆ ಅಂತ ಅಮ್ಮ ಟಿಕೆಟ್ ಬುಕ್ ಮಾಡಲು ಹೇಳಿದ್ದಾರೆ.